ಐದು ಊರು, ಐದು ದಿನ: ಎರಡು ಪ್ರವಾಸಪಟ್ಟಿಗಳನ್ನು ಕುರಿತು

ಪ್ರವಾಸಕಥನವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಹೋಗಿ ಬಂದವರ ಅನುಭವ, ಅವರ ಶೈಲಿ, ಅವರ ದೃಷ್ಟಿಕೋನ ಇವೆಲ್ಲ ವಿಮರ್ಶೆಗೆ ವಸ್ತುವಾಗಿವೆ. ಆದರೆ ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಬರೆದುಕೊಳ್ಳುವ ಪಟ್ಟಿಯನ್ನು ಯಾರೂ ಪಠ್ಯವೆಂದು ಓದುವುದಿಲ್ಲ. ಊರುಗಳ ಹೆಸರು, ಗಾಡಿಯ ವೇಳೆ, ತಂಗುವ ರಾತ್ರಿ, ಅಡ್ಡಗೆರೆ ಎಳೆದು ಬಿಟ್ಟ ಸ್ಥಳ ಇಷ್ಟೇ ಅದರಲ್ಲಿರುತ್ತದೆ. ಆದರೂ ಹೊರಡುವವನು ಏನನ್ನು ನೋಡಲು ಬಯಸುತ್ತಾನೆ, ಏನನ್ನು ಬಿಡಲು ಸಿದ್ಧನಿದ್ದಾನೆ ಎಂಬುದು ಬಂದಮೇಲೆ ಬರೆದ ಪುಸ್ತಕಕ್ಕಿಂತ ಈ ಹಾಳೆಯಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮೈಸೂರಿನ ಒಂದು ಮನೆಯಲ್ಲಿ ಒಂದೇ ವಾರ, ಒಂದೇ ಮೇಜಿನ ಮೇಲೆ ಇಂಥ ಎರಡು ಪಟ್ಟಿಗಳು ತಯಾರಾದವು. ಒಂದು ಸ್ಪೇನಿನದು, ತಮ್ಮನದು. ಇನ್ನೊಂದು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳದು, ಅಕ್ಕನದು. ಇಬ್ಬರೂ ಒಬ್ಬೊಬ್ಬರೇ ಹೊರಡುವವರು; ಇಬ್ಬರಿಗೂ ದಿನಗಳು ಕಡಿಮೆ.

ತಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ಅವನಿಗೆ ದೊರೆತದ್ದು ಒಂಬತ್ತು ದಿನ. ಅಷ್ಟರಲ್ಲಿ ಬಾರ್ಸಿಲೋನಾ, ಮ್ಯಾಡ್ರಿಡ್, ಟೊಲೇಡೊ, ಕಾರ್ಡೊಬಾ, ಸೆವಿಲ್ಲಾ, ಗ್ರನಾಡಾ ಎಂಬ ಆರು ನಗರಗಳು ಅವನ ಪಟ್ಟಿಯಲ್ಲಿದ್ದವು. ಕೇಳಿದವರಿಗೆ ಇದು ಹುಚ್ಚಾಟವೆನಿಸಬಹುದು. ಲೆಕ್ಕ ಹಾಕಿದರೆ ಅಷ್ಟೇನೂ ಅಲ್ಲ. 1992ರಲ್ಲಿ, ಸೆವಿಲ್ಲಾದ ಜಾಗತಿಕ ಪ್ರದರ್ಶನದ ವರ್ಷ, ಮ್ಯಾಡ್ರಿಡ್ಡಿನಿಂದ ಕಾರ್ಡೊಬಾ ಮೂಲಕ ಸೆವಿಲ್ಲಾಗೆ ಅತಿವೇಗದ ರೈಲುಮಾರ್ಗ ತೆರೆಯಿತು. 2008ರಲ್ಲಿ ಬಾರ್ಸಿಲೋನಾ ಮ್ಯಾಡ್ರಿಡ್‌ಗೆ ಜೋಡಣೆಯಾಯಿತು. ಈ ಎರಡು ನಗರಗಳ ನಡುವಿನ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ಗಾಡಿ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ. ಟೊಲೇಡೊ ಮ್ಯಾಡ್ರಿಡ್ಡಿನಿಂದ ಅರ್ಧ ಗಂಟೆಯ ಹಾದಿ. ಗಾಡಿಯ ವೇಗವನ್ನು ನಂಬಿ ಪಟ್ಟಿ ಬರೆದರೆ ಆರು ನಗರಗಳು ಒಂಬತ್ತು ದಿನಗಳಲ್ಲಿ ಸಲೀಸಾಗಿ ಕುಳಿತುಕೊಳ್ಳುತ್ತವೆ. ಹಾಗೆ ಕುಳಿತುಕೊಳ್ಳುವುದೇ ಅಪಾಯ ಎಂಬುದು ಮುಂದಿನ ಮಾತು.

ಈ ನಡುವೆ ಒಂದು ಸ್ವಾರಸ್ಯವನ್ನು ಹೇಳಲೇಬೇಕು. ಹಳಿಗಳ ಅಗಲದಲ್ಲಿ ಸ್ಪೇನ್ ಮತ್ತು ಭಾರತ ಬಹುತೇಕ ದಾಯಾದಿಗಳು. ಅಲ್ಲಿನ ಹಳೆಯ ಐಬೀರಿಯನ್ ಮಾರ್ಗದ ಅಗಲ 1668 ಮಿಲಿಮೀಟರ್, ನಮ್ಮ ಬ್ರಾಡ್ ಗೇಜಿನದು 1676. ಎಂಟು ಮಿಲಿಮೀಟರಿನ ಅಂತರ. 2016ರಲ್ಲಿ ಸ್ಪೇನಿನ ಟಾಲ್ಗೊ ಗಾಡಿಯನ್ನು ಉತ್ತರ ಭಾರತದ ಹಳಿಗಳ ಮೇಲೆ ಓಡಿಸಿ ಪರೀಕ್ಷಿಸಿದ್ದುಂಟು. ಆದರೆ ಆ ದೇಶ ತನ್ನ ಅತಿವೇಗದ ಮಾರ್ಗಗಳನ್ನು ಯುರೋಪಿನ ಉಳಿದ ಭಾಗಕ್ಕೆ ಹೊಂದುವಂತೆ 1435 ಮಿಲಿಮೀಟರಿಗೆ ಹಾಕಿಕೊಂಡಿತು. ಅಂದರೆ ಅಲ್ಲಿ ಈಗ ಎರಡು ಸ್ಪೇನ್‌ಗಳಿವೆ: ಹೊಸ ಹಳಿ ಮುಟ್ಟುವ ಸ್ಪೇನ್ ಮತ್ತು ಮುಟ್ಟದ ಸ್ಪೇನ್. ಪ್ರವಾಸಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲನೆಯದೇ ಇರುತ್ತದೆ.

ಅಕ್ಕ ಅತಿಥಿ ಉಪನ್ಯಾಸಕಿ. ರಜೆ ಹಾಕಿದ ದಿನದ ಸಂಬಳ ಅವಳಿಗಿಲ್ಲ. ಕೋಗಳಿ ನಾಡಿನ ಬಸದಿಗಳನ್ನು ಕುರಿತ ಅವಳ ಮಹಾಪ್ರಬಂಧದಲ್ಲಿ ಒಂದು ಅಧ್ಯಾಯ ಉಳಿದಿತ್ತು. ಒಪ್ಪಿಸುವ ಗಡುವು ಹತ್ತಿರ ಬಂದಿತ್ತು. ಮದರಾಸು ಆಧಿಪತ್ಯದ ಕನ್ನಡ ಶಾಸನಗಳನ್ನು ಒಳಗೊಂಡ ‘ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟದ ಮೊದಲ ಭಾಗವನ್ನು, ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರು ಸಂಪಾದಿಸಿ 1939ರಲ್ಲಿ ಪ್ರಕಟವಾದ ಆ ಗ್ರಂಥವನ್ನು, ಅವಳು ಪುಟಪುಟವಾಗಿ ಓದಿದ್ದಳು. ಅಚ್ಚಿನ ಪಾಠದಲ್ಲಿ ಸವೆದ ಅಕ್ಷರಗಳ ಜಾಗದಲ್ಲಿ ಚುಕ್ಕಿಗಳಿರುತ್ತವೆ. ಸಂಶೋಧಕರಿಗೆ ಆ ಚುಕ್ಕಿಗಳು ಕೊಡುವ ಕಾಟ ಎಂಥದೆಂಬುದನ್ನು ಅನುಭವಿಸಿದವರೇ ಬಲ್ಲರು. ಅವು ಕಲ್ಲಿನಲ್ಲಿಯೇ ಅಳಿದಿವೆಯೇ, ಅಥವಾ ಪಡಿಯಚ್ಚು ತೆಗೆದ ದಿನ ಕಾಗದಕ್ಕೆ ಮೂಡಲಿಲ್ಲವೇ? ಕಲ್ಲಿನ ಮುಂದೆ ನಿಲ್ಲದೆ ಇದನ್ನು ಹೇಳಲಾಗದು. ಹೀಗಾಗಿ ಐದು ದಿನ, ಐದು ತಾಲ್ಲೂಕು.

ತಮ್ಮನಿಗೆ ಇದು ಒಂದು ಗಂಟೆಯ ಕೆಲಸವಾಗಿ ಕಂಡಿತು. ಸ್ಪೇನಿನ ಪಟ್ಟಿ ಮಾಡಿದ ಕೈಯಿಂದಲೇ ಅವನು ಅಕ್ಕನದನ್ನೂ ಮಾಡಿಕೊಟ್ಟ. ಮೊದಲ ದಿನ ಹಗರಿಬೊಮ್ಮನಹಳ್ಳಿ, ಎರಡನೆಯ ದಿನ ಹಡಗಲಿ, ಮೂರನೆಯ ದಿನ ಹರಪನಹಳ್ಳಿ, ನಾಲ್ಕನೆಯ ದಿನ ಕೊಟ್ಟೂರು, ಐದನೆಯ ದಿನ ಕೂಡ್ಲಿಗಿ.

“ಸರಿಯಾಗಿ ಕೂತಿತು ನೋಡಕ್ಕಾ. ದಿನಕ್ಕೊಂದೂರು. ಒಂದೂ ಬಿಟ್ಟುಹೋಗಲ್ಲ.”

ಅವಳು ಆ ಹಾಳೆಯನ್ನು ತನ್ನ ಮಾರ್ಗದರ್ಶಕರಿಗೆ ತೋರಿಸಿದಳು. ಅವರು ನಿವೃತ್ತಿಯ ಅಂಚಿನಲ್ಲಿದ್ದ ಹಳಬರು. ಕನ್ನಡಕ ಮೇಲೇರಿಸಿ ಓದಿ, “ಇದು ತಹಸೀಲ್ದಾರರ ಪ್ರವಾಸವಾಯಿತಮ್ಮಾ. ನಿನ್ನದೆಲ್ಲಿ?” ಎಂದರಂತೆ.

ಆ ಮಾತು ತಮಾಷೆಯಾಗಿ ಕಂಡರೂ ಅದರಲ್ಲಿ ಇತಿಹಾಸವಿದೆ. ಈ ಐದೂ ಹೆಸರುಗಳು ಕಚೇರಿಯ ಹೆಸರುಗಳು. ರಾಬರ್ಟ್ ಸೀವೆಲ್ 1882ರಲ್ಲಿ ಮದರಾಸು ಆಧಿಪತ್ಯದ ಪ್ರಾಚೀನ ಅವಶೇಷಗಳ ಪಟ್ಟಿಯನ್ನು ಪ್ರಕಟಿಸಿದಾಗ, ಅದನ್ನು ಜಿಲ್ಲೆ, ತಾಲ್ಲೂಕುಗಳ ಅನುಕ್ರಮದಲ್ಲಿ ಜೋಡಿಸಿದ. ಊರು ತಾಲ್ಲೂಕಿನ ಠಾಣೆಯಿಂದ ಎಷ್ಟು ಮೈಲಿ, ಯಾವ ದಿಕ್ಕಿನಲ್ಲಿದೆ ಎಂಬುದು ಅವನ ವಿಳಾಸ. ಆಡಳಿತಕ್ಕೆ ಅದು ಅನುಕೂಲ, ಹುಡುಕುವವನಿಗೂ ಅನುಕೂಲ. ಆದರೆ ಆ ಕ್ರಮದ ಅಭ್ಯಾಸ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಹನ್ನೊಂದನೆಯ ಶತಮಾನದ ಬಸದಿಯನ್ನೂ ನಾವು ಹತ್ತೊಂಬತ್ತನೆಯ ಶತಮಾನದ ಠಾಣೆಯ ಮೂಲಕವೇ ತಲುಪುತ್ತೇವೆ. ಶಾಸನಗಳು ಬಲ್ಲ ನಾಡು ಬೇರೆ: ಕೋಗಳಿ ಐನೂರು. ಇಂದು ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಮೂರಾಗಿ ಕಾಣುವ ಪ್ರದೇಶದ ದೊಡ್ಡ ಪಾಲು ಆಗ ಒಂದೇ ಘಟಕದ ನೆರಳಿನಲ್ಲಿತ್ತು. ಆ ನಾಡಿಗೆ ಹೆಸರು ಕೊಟ್ಟ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕಚೇರಿಯ ಗಡಿಗಳಾದರೂ ನಿಂತಲ್ಲಿ ನಿಂತಿವೆಯೇ? ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಉಳಿದ ನಾಲ್ಕರೊಂದಿಗೆ ಅದರಲ್ಲಿ ಸೇರಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚಿನ ಮಾತು. ಹಳೆಯ ಗ್ರಂಥಗಳಲ್ಲಿ ‘ಕೂಡ್ಲಿಗಿ ತಾಲ್ಲೂಕು’ ಎಂದಿರುವ ಉಜ್ಜಿನಿಯನ್ನೂ ಅಂಬಳಿಯನ್ನೂ ಇಂದು ಕೊಟ್ಟೂರಿನ ಕೆಳಗೆ ಹುಡುಕಬೇಕು. ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡದೆ ಅಡಿಟಿಪ್ಪಣಿಗಳಲ್ಲಿ ಗೊಂದಲ ಮಾಡಿಕೊಳ್ಳುವುದುಂಟು.

ಕಚೇರಿಯಂತೆಯೇ ರೈಲೂ ತನ್ನದೊಂದು ಪಟ್ಟಿಯನ್ನು ಪ್ರವಾಸಿಯ ಮೇಲೆ ಹೇರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ಶಾಖಾಮಾರ್ಗ ಬಂತು. ಬಹುಕಾಲ ಕೊಟ್ಟೂರೇ ಹಳಿಯ ಕೊನೆ. ಮುಂದೆ ಮಾರ್ಗ ಬ್ರಾಡ್ ಗೇಜಾಯಿತು, ಕೊಟ್ಟೂರಿನಿಂದಾಚೆ ಹರಪನಹಳ್ಳಿ, ತೆಲಿಗಿಗಳ ಮೂಲಕ ಹರಿಹರದವರೆಗೆ ಬೆಳೆಯಿತು. ಆದರೆ ಪ್ರಯಾಣಿಕರ ಗಾಡಿಗಾಗಿ ಆ ಊರುಗಳ ಜನ ವರ್ಷಾನುಗಟ್ಟಲೆ ಮನವಿ ಕೊಟ್ಟು, ಹೋರಾಡಿ ಕಾಯಬೇಕಾಯಿತು. 2019ರಲ್ಲಿ ಹೊಸಪೇಟೆ–ಹರಿಹರ ಪ್ರಯಾಣಿಕರ ಗಾಡಿ ಓಡತೊಡಗಿತು. ಕಾಕತಾಳೀಯವೆಂದರೆ ತಮ್ಮನ ಪಟ್ಟಿಯ ಗ್ರನಾಡಾಕ್ಕೂ ಅತಿವೇಗದ ಗಾಡಿ ಬಂದದ್ದು ಅದೇ 2019ರಲ್ಲಿ. ಅದಕ್ಕೂ ಮುನ್ನ ಕಾಮಗಾರಿಗಾಗಿ ಆ ನಗರದ ರೈಲುಸಂಪರ್ಕ ಮೂರು ವರ್ಷಕ್ಕೂ ಮೇಲ್ಪಟ್ಟು ಕಡಿದುಹೋಗಿತ್ತು. ಪ್ರಯಾಣಿಕರನ್ನು ಬಸ್ಸಿನಲ್ಲಿ ಬೇರೆ ನಿಲ್ದಾಣಕ್ಕೆ ಸಾಗಿಸುತ್ತಿದ್ದರು, ಜನ ಬೀದಿಗಿಳಿದಿದ್ದರು. ಅಲ್‌ಹಂಬ್ರಾದಂಥ ಅರಮನೆಯಿದ್ದ ಊರಿಗೂ ಈ ಗತಿ ಬರಬಹುದಾದರೆ, ಕೊಟ್ಟೂರಿನ ಜನ ಕಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎರಡೂ ಕಡೆ ರೈಲು ಬಂದ ಮೇಲೆ ನಡೆಯುವುದು ಒಂದೇ: ಹಳಿಯ ಮೇಲಿನ ಊರು ಪಟ್ಟಿಗೆ ಸೇರುತ್ತದೆ, ಹಳಿ ಮುಟ್ಟದ ಊರು ಹೊರಗುಳಿಯುತ್ತದೆ.

ನಮ್ಮ ಐದರಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಹಳಿಯ ಮೇಲಿವೆ. ಕೂಡ್ಲಿಗಿ, ಹಡಗಲಿಗಳಿಗೆ ಬಸ್ಸೇ ಗತಿ. ನೋಡಬೇಕಾದ ಕಲ್ಲುಗಳು ಮಾತ್ರ ಈ ಐದು ಪಟ್ಟಣಗಳಲ್ಲಿ ಕಡಿಮೆ. ಅವು ನಡುವಣ ಹಳ್ಳಿಗಳಲ್ಲಿವೆ. ಕೋಗಳಿ, ಬಾಗಳಿ, ನೀಲಗುಂದ, ಮಾಗಳ, ಹಿರೇಹಡಗಲಿ, ಕುರುವತ್ತಿ, ಅಂಬಳಿ: ಅಭ್ಯಾಸಿಗೆ ಬೇಕಾದ ಹೆಸರುಗಳು ಇವು. ಪಟ್ಟಣಗಳು ಮಲಗಲಿಕ್ಕೆ, ಬಸ್ಸು ಬದಲಿಸಲಿಕ್ಕೆ. ತಮ್ಮನ ಪಟ್ಟಿಯ ದೋಷ ಅವಸರವಲ್ಲ. ಮಲಗುವ ಊರುಗಳನ್ನೇ ನೋಡುವ ಊರುಗಳೆಂದು ಅದು ಎಣಿಸಿದ್ದು.

ಅವಸರವನ್ನು ಬೈಯುವುದು ಸುಲಭ, ಈಚೆಗೆ ಅದೊಂದು ಫ್ಯಾಷನ್ನೂ ಆಗಿದೆ. ನಿಧಾನವಾಗಿ ಪ್ರಯಾಣ ಮಾಡಿರೆಂಬ ಉಪದೇಶವನ್ನು ಮಾಡುವವರು ಸಾಮಾನ್ಯವಾಗಿ ರಜೆಯ ಚಿಂತೆಯಿಲ್ಲದವರು. ಆದರೆ ಈ ಪ್ರದೇಶದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗವನ್ನು ಕೊಟ್ಟವರು ಅವಸರದ ಪ್ರವಾಸಿಗಳೇ. ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ದೇವಾಲಯಗಳನ್ನು ಅಳೆದು, ನಕ್ಷೆ ಬರೆಸಿ, ಚಾಲುಕ್ಯ ವಾಸ್ತುವನ್ನು ಕುರಿತ ತನ್ನ ಗ್ರಂಥವನ್ನು 1896ರಲ್ಲಿ ಹೊರತಂದಾಗ ಕೊಟ್ಟೂರಿಗೆ ರೈಲೇ ಇರಲಿಲ್ಲ. ಶಾಸನ ಇಲಾಖೆಯ ಸಹಾಯಕರು ಮಸಿ, ಕಾಗದ, ಕುಂಚಗಳನ್ನು ಹೊತ್ತು ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಮಳೆಗಿಂತ ಮೊದಲು ಮುಗಿಸಬೇಕು, ವರ್ಷದ ವರದಿಗೆ ಸಂಖ್ಯೆಗಳನ್ನು ಒಪ್ಪಿಸಬೇಕು. ಅವರು ಒಂದೊಂದು ಊರಿನಲ್ಲಿ ಧ್ಯಾನಸ್ಥರಾಗಿ ಕುಳಿತಿದ್ದರೆ ಇಂದಿಗೆ ಸಂಪುಟಗಳೇ ಇರುತ್ತಿರಲಿಲ್ಲ. ಅವರ ಅವಸರಕ್ಕೂ ಇಂದಿನ ಪ್ರವಾಸಿಯ ಅವಸರಕ್ಕೂ ಇರುವ ವ್ಯತ್ಯಾಸವೆಂದರೆ, ಅವರು ಊರಿಗೆ ಹೋಗುತ್ತಿರಲಿಲ್ಲ, ಕಲ್ಲಿಗೆ ಹೋಗುತ್ತಿದ್ದರು.

ಪ್ರವಾಸದ ವೇಗವನ್ನು ಕುರಿತು ಯೋಚಿಸಿದವರಲ್ಲಿ ಜೈನ ಮುನಿಸಂಘದಷ್ಟು ಕಟ್ಟುನಿಟ್ಟಾಗಿ ಯೋಚಿಸಿದವರು ವಿರಳ. ವಟ್ಟಕೇರರ ‘ಮೂಲಾಚಾರ’ದಲ್ಲಿ ಮುನಿಯು ಗ್ರಾಮದಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ದಿನ ನಿಲ್ಲಬಹುದೆಂಬ ವಿಧಿಯಿದೆ. ನಿಂತರೆ ಮಮತೆ ಬೆಳೆಯುತ್ತದೆ, ಆದ್ದರಿಂದ ನಡೆಯುತ್ತಿರಬೇಕು. ಮಳೆಗಾಲದಲ್ಲಿ ಮಾತ್ರ ಜೀವಹಿಂಸೆಯ ಭಯದಿಂದ ಒಂದೆಡೆ ನೆಲೆ. ಇದನ್ನು ಇಂದಿನ ಪ್ರವಾಸಿಯ ಕೈಪಿಡಿಯಾಗಿ ಓದುವುದು ಸರಿಯಲ್ಲ. ಮುನಿ ನೋಡಲೆಂದು ಹೊರಟವನಲ್ಲ. ಆದರೂ ಅದರ ಲೆಕ್ಕ ಕುತೂಹಲಕರವಾಗಿದೆ. ಊರಿನ ಗಾತ್ರಕ್ಕೆ ತಕ್ಕಂತೆ ವಸತಿಯ ಅವಧಿ ಬೇರೆಯಾಗುತ್ತದೆ. ಎಲ್ಲ ಊರಿಗೂ ಒಂದೊಂದು ದಿನವೆಂಬ ಸಮಪಾಲು ಅಲ್ಲಿಲ್ಲ. ಅದೇ ಗ್ರಂಥ ಏಕವಿಹಾರಿಯನ್ನು, ಅಂದರೆ ಗುರುಸಂಘಗಳನ್ನು ಬಿಟ್ಟು ಒಬ್ಬನೇ ಅಲೆಯುವವನನ್ನು, ಕಟುವಾಗಿ ನಿರಾಕರಿಸುತ್ತದೆ. ತಪಸ್ಸು, ಶ್ರುತಜ್ಞಾನ, ದೇಹಬಲ, ಧೈರ್ಯಗಳು ಪಕ್ವವಾದವನಿಗೆ ಮಾತ್ರ ಅದು ಸಲ್ಲುತ್ತದೆ. ಇಷ್ಟಬಂದಂತೆ ಮಲಗಿ, ಎದ್ದು, ಮಾತಾಡುವವನಿಗಲ್ಲ. ಒಬ್ಬನೇ ಹೋಗುವವನಿಗೆ ತಿದ್ದುವವರಿರುವುದಿಲ್ಲ ಎಂಬುದು ಇದರ ತಾತ್ಪರ್ಯ. ಶಾಸನ ಓದುವವರಿಗೂ ಇದು ಅನ್ವಯಿಸುತ್ತದೆ. ಇಬ್ಬರು ನಿಂತು ಓದಿದಾಗ ಒಬ್ಬರ ‘ಪ’ವನ್ನು ಇನ್ನೊಬ್ಬರು ‘ವ’ ಎಂದು ತಿದ್ದುತ್ತಾರೆ. ಒಂಟಿ ಓದುಗ ತಾನು ಕಾಣಬಯಸಿದ್ದನ್ನೇ ಕಾಣುವ ಅಪಾಯವಿದೆ. ಅಕ್ಕ ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಒಂದೇ ಸಾಲನ್ನು ಸಂಜೆಯೊಮ್ಮೆ, ಮರುದಿನ ಬೆಳಗ್ಗೆಯೊಮ್ಮೆ, ಹಿಂದಿನ ಬರಹವನ್ನು ನೋಡದೆ ಬರೆದುಕೊಳ್ಳುವುದು. ತನಗೆ ತಾನೇ ಎರಡನೆಯ ಓದುಗಳಾಗುವುದು.

ಇದಕ್ಕೆ ಬೆಳಕಿನ ಕಾರಣವೂ ಇದೆ. ನಡುಹಗಲಿನ ಬಿಸಿಲು ಕಲ್ಲಿನ ಮೇಲೆ ನೆಟ್ಟಗೆ ಬಿದ್ದಾಗ ಸವೆದ ಅಕ್ಷರಗಳು ಮಾಯವಾಗುತ್ತವೆ. ಬೆಳಗ್ಗೆ ಅಥವಾ ಸಂಜೆ ಓರೆಯಾಗಿ ಬೀಳುವ ಬೆಳಕಿನಲ್ಲಿ ತಗ್ಗುಗಳಿಗೆ ನೆರಳು ತುಂಬಿ ಅಕ್ಷರ ಮೇಲೇಳುತ್ತದೆ. ಕಲ್ಲು ಮುಖ ಮಾಡಿರುವ ದಿಕ್ಕನ್ನು ಅನುಸರಿಸಿ ಒಂದಕ್ಕೆ ಬೆಳಗು, ಒಂದಕ್ಕೆ ಸಂಜೆ ಒಳ್ಳೆಯದು. ಹೀಗೆಂದ ಮೇಲೆ ‘ಕೋಗಳಿ: ಬೆಳಗ್ಗೆ 11ರಿಂದ 1’ ಎಂದು ಬರೆದ ಪಟ್ಟಿಗೆ ಯಾವ ಬೆಲೆಯೂ ಉಳಿಯುವುದಿಲ್ಲ. ಬಸ್ಸಿನ ವೇಳೆಗೆ ತಕ್ಕಂತೆ ಕಲ್ಲನ್ನು ನೋಡುವುದಲ್ಲ, ಸೂರ್ಯನಿಗೆ ತಕ್ಕಂತೆ ಬಸ್ಸನ್ನು ಹಿಡಿಯಬೇಕು.

ಕೋಗಳಿಗೇ ಇಷ್ಟು ಮಹತ್ವವೇಕೆಂದರೆ, ಅಲ್ಲಿನ ಒಂದು ಶಾಸನ ಕನ್ನಡ ಸಾಹಿತ್ಯದ ವಿದ್ಯಾರ್ಥಿಯನ್ನು ನೇರವಾಗಿ ತಟ್ಟುತ್ತದೆ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಶಕ 977ರ, ಅಂದರೆ ಕ್ರಿ.ಶ. 1055ರ ಆ ಶಾಸನ ಇಂದ್ರಕೀರ್ತಿಯೆಂಬ ಜೈನಾಚಾರ್ಯನು ಅಲ್ಲಿನ ಬಸದಿಗೆ ಕೊಟ್ಟ ದತ್ತಿಯನ್ನು ದಾಖಲಿಸುತ್ತ, ಆ ಬಸದಿಯನ್ನು ಕಟ್ಟಿಸಿದವನು ದುರ್ವಿನೀತನೆಂದು ಹೇಳುತ್ತದೆ. ‘ಕವಿರಾಜಮಾರ್ಗ’ ಹಿಂದಿನ ಗದ್ಯಕಾರರನ್ನು ಹೆಸರಿಸುವಾಗ ಬರುವ ದುರ್ವಿನೀತನನ್ನು ಗಂಗರಾಜ ದುರ್ವಿನೀತನೊಡನೆ ವಿದ್ವಾಂಸರು ಗುರುತಿಸುತ್ತ ಬಂದಿದ್ದಾರೆ. ಆ ರಾಜನದು ಆರನೆಯ ಶತಮಾನದ ಆಸುಪಾಸು. ಅಂದರೆ ಸುಮಾರು ಐನೂರು ವರ್ಷಗಳ ನಂತರ ಒಂದು ಕಲ್ಲು ಅವನನ್ನು ನೆನೆಯುತ್ತಿದೆ. ಇದು ಬಸದಿಯ ಕಡತದಲ್ಲಿ ಉಳಿದು ಬಂದ ವಾಸ್ತವವೋ, ಅಥವಾ ದೊಡ್ಡ ಹೆಸರಿಗೆ ಬಸದಿಯನ್ನು ಕಟ್ಟಿದ ಹನ್ನೊಂದನೆಯ ಶತಮಾನದ ಅಭಿಮಾನವೋ? ಅಕ್ಕನ ಅಧ್ಯಾಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕಲ್ಲು ನೋಡಿದ ಮಾತ್ರಕ್ಕೆ ಉತ್ತರ ಸಿಗಲಾರದು. ಆದರೆ ಆ ಸಾಲಿನ ಹಿಂದುಮುಂದು ಅಳಿದಿರುವುದೆಷ್ಟು ಎಂಬುದನ್ನು ನೋಡದೆ ಪ್ರಶ್ನೆಯನ್ನು ಕೇಳುವ ಅಧಿಕಾರವೂ ಇಲ್ಲ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನ ಕಾಲದಲ್ಲಿಯೂ ಆ ಬಸದಿ ಬದುಕಿತ್ತು. ಚೆನ್ನಪಾರ್ಶ್ವನ ನಿತ್ಯದ ಹಾಲಿನ ಅಭಿಷೇಕಕ್ಕಾಗಿ ಶ್ರಾವಕರು ಗದ್ಯಾಣಗಳನ್ನು ಕೊಟ್ಟರು, ಕೊಟ್ಟವರ ಪಟ್ಟಿ ಕಲ್ಲಿಗೇರಿತು. ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ 1957ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಕೋಗಳಿಯನ್ನು ಗಮನಿಸಿದ ಮೇಲೆ ಈ ಊರು ಸಂಶೋಧಕರ ನಕ್ಷೆಯಲ್ಲಿ ಉಳಿದಿದೆ, ಆದರೆ ಹೋಗಿ ನೋಡಿದವರು ಉಲ್ಲೇಖಿಸಿದವರಿಗಿಂತ ಕಡಿಮೆ ಎಂಬುದು ಅಡಿಟಿಪ್ಪಣಿಗಳನ್ನು ಓದಿದರೆ ತಿಳಿಯುತ್ತದೆ. ಒಂದೇ ಅಚ್ಚಿನ ತಪ್ಪು ನಾಲ್ಕು ಪುಸ್ತಕಗಳಲ್ಲಿ ಹಾಗೆಯೇ ಸಾಗಿಬಂದರೆ ಅದಕ್ಕೆ ಬೇರೆ ಕಾರಣವಿರುವುದಿಲ್ಲ.

ಹಡಗಲಿಯ ಕಡೆಗೆ ತಿರುಗಿದರೆ ಪ್ರಲೋಭನೆಗಳು ಹೆಚ್ಚು. ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಹೂವಿನಹಡಗಲಿ, ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವ ಮೈಲಾರ, ವೇಣುಗೋಪಾಲನ ಗುಡಿಯ ಮಾಗಳ. ಹಿರೇಹಡಗಲಿಯ ಕಲ್ಲೇಶ್ವರ ಗುಡಿಯನ್ನು ಕಲಾಪ್ರೇಮಿಗಳು ಬಲ್ಲರು. ಪ್ರಾಕೃತದ ವಿದ್ಯಾರ್ಥಿಗಳಿಗೆ ಆ ಊರು ಬೇರೆ ಕಾರಣಕ್ಕೆ ಗೊತ್ತು. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ದೊರೆತದ್ದು ಅಲ್ಲಿ. ಕಂಚಿಯಿಂದ ಆಳಿದ ಅರಸನೊಬ್ಬನ ಅಪ್ಪಣೆ ತುಂಗಭದ್ರೆಯ ಬಳಿಯ ಈ ಊರಿನಲ್ಲಿ ಪ್ರಾಕೃತದಲ್ಲಿ ಸಿಕ್ಕಿದೆ ಎಂಬುದೇ ಈ ಸೀಮೆಯ ಭಾಷಾಚರಿತ್ರೆಯ ಒಂದು ದೊಡ್ಡ ಪಾಠ. ಇನ್ನು ಕುರುವತ್ತಿ. 1068ರಲ್ಲಿ ಮೊದಲನೆಯ ಸೋಮೇಶ್ವರನು ವಾಸಿಯಾಗದ ರೋಗದಿಂದ ನೊಂದು ಅಲ್ಲಿಯೇ ತುಂಗಭದ್ರೆಗಿಳಿದು ಜಲಸಮಾಧಿಯಾದನು. ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ ಅದನ್ನು ವರ್ಣಿಸಿದ್ದಾನೆ. ಕೋಗಳಿಯ ಶಾಸನದಲ್ಲಿ ಆಳುತ್ತಿರುವ ರಾಜನೇ ಹದಿಮೂರು ವರ್ಷಗಳ ಬಳಿಕ ಹೀಗೆ ಕೊನೆಗೊಂಡ. ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನೋಡಬೇಕೆಂಬ ಆಸೆ ಇದರ ಮೇಲೆ ಬೇರೆ. ಅಧ್ಯಾಯಕ್ಕೆ ಮಾತ್ರ ಕುರುವತ್ತಿ ಅನಿವಾರ್ಯವಲ್ಲ. ಇಂಥ ಕಡೆಯೇ ಪಟ್ಟಿ ಮಾಡುವವರ ಪರೀಕ್ಷೆ.

ಕೊಟ್ಟೂರು, ಕೂಡ್ಲಿಗಿಗಳ ವಿಷಯದಲ್ಲಿ ನಿರ್ಣಯ ಬೇಗ ಆಯಿತು. ಕೊಟ್ಟೂರಿನ ಗುರುಬಸವೇಶ್ವರ, ಉಜ್ಜಿನಿಯ ಮರುಳಸಿದ್ಧೇಶ್ವರ, ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕ, ಗುಡೇಕೋಟೆಯ ಕೋಟೆ ಇವೆಲ್ಲ ನೋಡತಕ್ಕವು. ಆದರೆ ಕೋಗಳಿಯ ಪ್ರಶ್ನೆಗೆ ಬೇಕಾದ ಕಲ್ಲುಗಳು ಆ ದಿಕ್ಕಿನಲ್ಲಿಲ್ಲ. ಕೊಟ್ಟೂರಿಗೆ ಹೋಗುವುದಾದರೆ ತೇರಿನ ದಿನವನ್ನು ನೋಡಿಕೊಂಡು ಹೋಗಬೇಕು, ಅಥವಾ ನೋಡಿಕೊಂಡು ತಪ್ಪಿಸಬೇಕು. ಮಾಘ ಮಾಸದ ಆ ತೇರಿಗೆ ಪಾದಯಾತ್ರೆಯಲ್ಲಿ ಬರುವ ಜನಸಾಗರದ ನಡುವೆ ಕೊಠಡಿ ಸಿಗುವ ಆಸೆ ಬಿಡಬೇಕು. 2017ರ ಫೆಬ್ರವರಿಯಲ್ಲಿ ಆ ರಥವೇ ಮಗುಚಿಬಿದ್ದು ನಾಡೆಲ್ಲ ಬೆಚ್ಚಿದ್ದು ಬಹಳ ಜನರಿಗೆ ನೆನಪಿರಬಹುದು. ಸೆವಿಲ್ಲಾದಲ್ಲಿ ಈಸ್ಟರಿಗೆ ಮುನ್ನಿನ ಪವಿತ್ರ ವಾರದ ಮೆರವಣಿಗೆಗಳ ದಿನಗಳೂ ಹೀಗೆಯೇ. ಹೆಗಲ ಮೇಲೆ ವಿಗ್ರಹಗಳ ಭಾರೀ ಪೀಠಗಳನ್ನು ಹೊತ್ತವರು ಬೀದಿ ತುಂಬಿರುವಾಗ, ಅದು ತಿಳಿಯದೆ ಸೂಟ್‌ಕೇಸ್ ಎಳೆದುಕೊಂಡು ಬಂದಿಳಿದ ಪ್ರವಾಸಿಯ ಪಾಡು ಹೇಳತೀರದು.

ಒಂಟಿಯಾಗಿ ಹೋಗುವ ಹೆಣ್ಣಿಗೆ ಇನ್ನೂ ಕೆಲವು ಲೆಕ್ಕಗಳಿವೆ. ಅವು ತಮ್ಮನ ಹಾಳೆಯಲ್ಲಿ ಇರಲಿಲ್ಲ. ಹಳ್ಳಿಯಿಂದ ಪಟ್ಟಣಕ್ಕೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಗುಡಿಯ ಬೀಗದ ಕೈ ಯಾರ ಮನೆಯಲ್ಲಿರುತ್ತದೆ? ಸಂಜೆಯ ಓರೆ ಬೆಳಕು ಚೆನ್ನಾಗಿ ಬೀಳುವ ಹೊತ್ತಿಗೇ ಕೊನೆಯ ಬಸ್ಸೂ ಹೊರಡುವಂತಿದ್ದರೆ ಯಾವುದನ್ನು ಆರಿಸಬೇಕು? ಕಲ್ಲಿನ ಮೇಲೆ ಬಗ್ಗಿ ಕುಳಿತವರನ್ನು ಕಂಡರೆ ನಿಧಿ ಹುಡುಕುವವರೆಂಬ ಅನುಮಾನ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ನಿಧಿಗಳ್ಳರು ಗುಡಿಗಳನ್ನು ಅಗೆದು ಹಾಳುಮಾಡಿರುವುದರಿಂದ ಆ ಅನುಮಾನ ತಪ್ಪೂ ಅಲ್ಲ. ಹಾಗಾಗಿ ಕೆಲಸಕ್ಕೆ ಕೂರುವ ಮುನ್ನ ಅರ್ಧ ಗಂಟೆ ಊರವರೊಡನೆ ಕುಳಿತು ಯಾರ ಮಗಳು, ಯಾವ ಊರು, ಏನು ಬರೆಯುತ್ತಿದ್ದೀಯಮ್ಮಾ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಈ ಅರ್ಧ ಗಂಟೆ ಯಾವ ವೇಳಾಪಟ್ಟಿಯಲ್ಲಿಯೂ ಇರುವುದಿಲ್ಲ. ಆದರೆ ಹೊಲದ ಬದುವಿನಲ್ಲಿ ಬಿದ್ದಿರುವ, ಯಾವ ಸಂಪುಟದಲ್ಲಿಯೂ ಸೇರದ ನಿಷಿಧಿಯ ತುಂಡು ಪತ್ತೆಯಾಗುವುದು ಆ ಅರ್ಧ ಗಂಟೆಯಲ್ಲಿಯೇ.

ಕೊನೆಗೆ ಸಿದ್ಧವಾದ ಪಟ್ಟಿ ಹೀಗಿತ್ತು. ರಾತ್ರಿ ಮೈಸೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಹೊಸಪೇಟೆ. ಅಲ್ಲಿಂದ ಹಗರಿಬೊಮ್ಮನಹಳ್ಳಿ, ಸಾಮಾನು ಇಟ್ಟು ಅಂದು ಸಂಜೆಯೇ ಕೋಗಳಿ. ಎರಡನೆಯ ದಿನ ಬೆಳಗ್ಗೆ ಮತ್ತೆ ಕೋಗಳಿ, ಸಂಜೆಯೂ ಅಲ್ಲಿಯೇ. ಮೂರನೆಯ ದಿನ ಬಸ್ಸಿನಲ್ಲಿ ಹಡಗಲಿ, ಮಾಗಳ, ಹಿರೇಹಡಗಲಿ. ನಾಲ್ಕನೆಯ ದಿನ ಹರಪನಹಳ್ಳಿ. ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳಿಗೆ ಆ ಸಂಜೆ ಮತ್ತು ಐದನೆಯ ದಿನದ ಬೆಳಗು. ಅನಂತರ ಹರಿಹರದ ದಾರಿಯಿಂದ ಊರಿಗೆ. ಬೀಚಿಯವರು ಹುಟ್ಟಿದ ಊರಿನಲ್ಲಿ ಒಂದು ರಾತ್ರಿ ತಂಗಿದಂತೆಯೂ ಆಯಿತೆಂದು ಅವಳು ಬದಿಯಲ್ಲಿ ಬರೆದುಕೊಂಡಿದ್ದಳು. ಮೈಸೂರಿನಲ್ಲಿ ಕುಳಿತೇ ಓದಬಹುದಾದ ಶಾಸನಗಳಿಗೆಲ್ಲ ಅಡ್ಡಗೆರೆ ಬಿದ್ದಿತ್ತು. ಉಳಿದದ್ದು ಹನ್ನೆರಡು ಕಲ್ಲು, ಅವುಗಳಲ್ಲಿಯೂ ನಿರ್ದಿಷ್ಟ ಸಾಲುಗಳು.

“ಐದರಲ್ಲಿ ಎರಡೂರು ಹೋಗೇಬಿಟ್ವಲ್ಲಕ್ಕಾ!” ಎಂದ ತಮ್ಮ.

“ಕೋಗಳಿ ಎರಡು ದಿನ ಆಯಿತಲ್ಲೋ.”

ಅವನು ಮಾತಾಡದೆ ತನ್ನ ಹಾಳೆಯನ್ನು ಮತ್ತೆ ತೆಗೆದ. ಕಾರ್ಡೊಬಾದ ಎದುರು, ಮ್ಯಾಡ್ರಿಡ್ಡಿನಿಂದ ಸೆವಿಲ್ಲಾಗೆ ಹೋಗುವ ದಾರಿಯಲ್ಲಿ ನಾಲ್ಕು ಗಂಟೆಯ ನಿಲುಗಡೆ ಎಂದಿತ್ತು. ನಿಲ್ದಾಣದಲ್ಲಿ ಸಾಮಾನು ಇಟ್ಟು, ನಡೆದುಹೋಗಿ ನೋಡಿ, ಮುಂದಿನ ಗಾಡಿ ಹಿಡಿಯುವ ಏರ್ಪಾಡು. ಅಲ್ಲಿರುವುದು ಎಂಟನೆಯ ಶತಮಾನದಲ್ಲಿ ಮೊದಲ ಅಬ್ದುರ್ರಹಮಾನ್ ಕಟ್ಟಲಾರಂಭಿಸಿದ, ಮುಂದಿನವರು ಮತ್ತೆ ಮತ್ತೆ ವಿಸ್ತರಿಸಿದ ಮಸೀದಿ. 1236ರಲ್ಲಿ ಅದು ಕ್ರೈಸ್ತರ ಕೈಸೇರಿ ಇಗರ್ಜಿಯಾಯಿತು. ಹದಿನಾರನೆಯ ಶತಮಾನದಲ್ಲಿ ಕಂಬಗಳ ಆ ಕಾಡಿನ ನಡುವೆಯೇ ಒಂದು ಹೊಸ ಇಗರ್ಜಿ ಎದ್ದಿತು. ಒಂದರೊಳಗೊಂದು ಹುದುಗಿದ ಇಂಥ ಕಟ್ಟಡಕ್ಕೆ ಎಷ್ಟು ಹೊತ್ತು ಬೇಕೆಂದು ತಮ್ಮ ಕೇಳಿದಾಗ, ಬಸದಿಗಳನ್ನು ಓದಿದ ಅಕ್ಕನ ಬಳಿ ಸಿದ್ಧ ಉತ್ತರವಿತ್ತು. ಟೊಲೇಡೊಗೆ ಅಡ್ಡಗೆರೆ ಬಿತ್ತು, ಕಾರ್ಡೊಬಾದಲ್ಲಿ ಒಂದು ರಾತ್ರಿ ಸೇರಿತು. ಅಲ್‌ಹಂಬ್ರಾದ ನಸ್ರಿದ್ ಅರಮನೆಗಳಿಗೆ ಗೊತ್ತುಪಡಿಸಿದ ವೇಳೆಯ ಚೀಟಿ ಮೊದಲೇ ಕೊಂಡಿದ್ದರಿಂದ ಗ್ರನಾಡಾದ ದಿನವನ್ನು ಅಲುಗಿಸುವಂತಿರಲಿಲ್ಲ. ಆ ಚೀಟಿಯ ಸುತ್ತಲೇ ಉಳಿದದ್ದನ್ನೆಲ್ಲ ಜರುಗಿಸಬೇಕಾಯಿತು. ಬಾರ್ಸಿಲೋನಾದಲ್ಲಿ ಒಂದು ದಿನ ಕಡಿಮೆಯಾಯಿತು.

ಅಕ್ಕನ ಹಾಳೆ ಅವಳ ಶಾಸನಸಂಪುಟದೊಳಗೆ ಮಡಿಸಿ ಇಟ್ಟಂತಿದೆ. ಮೂರನೆಯ ದಿನದ ಕೊನೆಗೆ, ಹಿರೇಹಡಗಲಿಯ ಕೆಳಗೆ, ಪೆನ್ಸಿಲ್ಲಿನಲ್ಲಿ ಕುರುವತ್ತಿಯ ಹೆಸರಿದೆ. ಅದರ ಮುಂದೆ ಬಸ್ಸಿನ ವೇಳೆಗೆಂದು ಬಿಟ್ಟ ಜಾಗ ಇನ್ನೂ ಖಾಲಿಯಿದೆ.